ಆಫ್ರಿಕಾಕ್ಕೆ ಹೋಗುವವರ ಹೋಳಿಗೆ

ಹಸಿದು ದಣಿದವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಉಂಡು ದಣಿದವನನ್ನು ನೋಡಬೇಕಾಗಿದ್ದರೆ, ದೊಡ್ಡ ಯುದ್ಧ ಸುರುವಾಗುವುದಕ್ಕೆ ಒಂದೆರಡು ವರ್ಷ ಮುಂಚೆ, ದಸರೆ ದೀಪಾವಳಿಗಳ ನಡುವೆ ಕರಜಗಿಗೆ ಬರಬೇಕಿತ್ತು. ಅಲ್ಲಿ ಚಾವಡಿಯ ಪಕ್ಕ ಬೇವಿನ ಗಿಡದ ಕೆಳಗೆ ಹೊಲಿಯುವ ಮಶೀನು ಇಟ್ಟುಕೊಂಡಿದ್ದ ದರ್ಜಿ ಚಂದ್ರಾಮಪ್ಪ, ಸಡಿಲಿಸಿದ ಧೋತರದ ಮೇಲೆ ಕೈಯಿಟ್ಟುಕೊಂಡು, ಇವತ್ತು ಯಾರ ಮನೆಯವರು ಊಟಕ್ಕೆ ಕರೆಯಲು ಬರುತ್ತಾರೋ ಎಂದು ಹೆದರುತ್ತ ಕುಳಿತಿರುತ್ತಿದ್ದ. ಹೊಲಿಯುವ ಕೆಲಸವೂ ಇರಲಿಲ್ಲ. ಪರದೇಶಕ್ಕೆ ಹೋಗುವವನ ಕೈಗೆ ಹಬ್ಬದ ಅರಿವೆ ಕೊಡುವಷ್ಟು ದಡ್ಡರು ಕರಜಗಿಯಲ್ಲಿ ಯಾರೂ ಇರಲಿಲ್ಲ.

ಈಗ ಒಂದು ಮಾತು ಮೊದಲೇ ಹೇಳಿಬಿಡಬೇಕು. ಪರದೇಶಕ್ಕೆ ಹೋಗುತ್ತೇನೆಂದು ಚಂದ್ರಾಮಪ್ಪ ಯಾರ ಮುಂದೆಯೂ ಹೇಳಿರಲಿಲ್ಲ. ಹೋಗುವುದಿಲ್ಲ ಎಂದೂ ಹೇಳಿರಲಿಲ್ಲ. ಅವನು ಹೇಳಿದ್ದು ‘ನೋಡೋಣ್ರಿ’ ಎಂದಷ್ಟೇ. ತಿಳುವಳಿಕೆ ಬಂದಾಗಿನಿಂದ ಎಲ್ಲದಕ್ಕೂ ಅವನದು ಅದೇ ಮಾತು. ಅಂಗಿ ಯಾವಾಗ ಕೊಡ್ತೀ ಎಂದರೆ ನೋಡೋಣ್ರಿ. ಮಾಳಿಗೆ ಸೋರುತ್ತಿದೆ ಎಂದರೆ ನೋಡೋಣ. (ಮದುವೆಯ ದಿನ ‘ಹೆಣ್ಣು ಒಪ್ಪಿಗೆ ಏನು’ ಎಂದು ಹಿರಿಯರು ಕೇಳಿದಾಗಲೂ ಅದನ್ನೇ ಅಂದನೆಂದು ಅವನ ಹೆಂಡತಿ ತುಳಜಾಬಾಯಿ ಹೇಳುತ್ತಾಳೆ. ಅದು ಸುಳ್ಳಿರಬಹುದು, ಸಿಟ್ಟಿನಲ್ಲಿದ್ದಾಗ ಹೇಳಿದ ಮಾತು.)

ಈ ಎಲ್ಲ ರಾದ್ಧಾಂತದ ಮೂಲಪುರುಷ ನಾಗಣ್ಣ. ಚಂದ್ರಾಮಪ್ಪನ ಸೋದರಮಾವನ ಮಗ, ಇಬ್ಬರೂ ಓರಗೆಯವರು. ಎಂಟು ವರ್ಷದ ಹಿಂದೆ ಮುಂಬಯಿಗೆ ಹೋದವನು ಅಲ್ಲಿಂದ ಹಡಗು ಹತ್ತಿ ಆಫ್ರಿಕಾದ ಮೊಂಬಾಸಾ ಸೇರಿ, ಅಲ್ಲೊಂದು ದರ್ಜಿ ಅಂಗಡಿ ಹಾಕಿದ್ದ. ಮದುವೆ ಗಿದುವೆ ಏನೂ ಆಗಿರಲಿಲ್ಲ. ದಸರೆಯ ಹೊತ್ತಿಗೆ ತಲೆಯ ಮೇಲೆ ಬಿಸಿಲುಟೋಪಿ, ಕೈಯಲ್ಲಿ ತಗಡಿನ ಪೆಟ್ಟಿಗೆ ಹಿಡಿದು ಚಂದ್ರಾಮಪ್ಪನ ಮನೆಯ ಕಟ್ಟೆಯ ಮೇಲೆ ಬಂದು ಕುಳಿತ.

“ಇಲ್ಲೇನದ ಲೇ ಚಂದ್ರಾಮ? ವರ್ಷಕ್ಕ ಎರಡು ಅಂಗಿ, ಒಂದು ಕುಪ್ಪಸ. ಅಲ್ಲಿ ಸಾಹೇಬರು ಕೋಟ್ ಹೊಲಸ್ತಾರ. ವೈನೀನ್ನ, ಕೂಸುಗಳನ್ನ ಕರ್ಕೊಂಡು ನಡಿ. ಅಂಗಡಿ ಇಬ್ಬರೂ ಕೂಡಿ ನಡಸೋಣ. ಹುಡುಗರು ಇಂಗ್ಲೀಷ ಸಾಲಿ ಕಲೀತಾವ. ದೀಪಾವಳಿ ಆದಮ್ಯಾಲ ಮುಂಬಯಿಂದ ಹಡಗ ಬಿಡ್ತದ.”

“ನೋಡೋಣ ತಗೋ,” ಎಂದ ಚಂದ್ರಾಮಪ್ಪ.

ಮರುದಿನ ತುಳಜಾಬಾಯಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಬೆನ್ನಿಗೆ ಆತುಕೊಂಡು ಸಣ್ಣ ಕೂಸು ನಿಂತಿತ್ತು. ಚಂದ್ರಾಮಪ್ಪ ಹೊಸ್ತಿಲ ಹತ್ತಿರ ಕುಳಿತು ಮೆಲ್ಲಗೆ ಬಾಯಿ ತೆರೆದ.

“ಏನಂತೀ?”

“ನಾ ಏನ ಅನ್ನಲಿ? ನೀವ್ ಹೇಳ್ರಿ.”

“ನೀ ಹೇಳು. ಕೂಸುಗಳ ತಾಯಿ ನೀನು.”

“ನಾ ಒಲ್ಲೆ ಅಂದ್ರ, ಹೆಂಡ್ತಿ ಮಾತು ಕೇಳಿ ಕೆಟ್ಟೆ ಅಂತ ಊರ ಮುಂದ ಹೇಳ್ತೀರಿ. ಹೂಂ ಅಂದ್ರ, ಅಲ್ಲಿ ಹೋದಮ್ಯಾಲ ನೀರು ಸೇರಲಿಲ್ಲ, ಜ್ವಾಳ ಸಿಗಲಿಲ್ಲ, ಎಲ್ಲಾ ನಿನ್ನಿಂದ ಅಂತೀರಿ. ನಿಮ್ಮ ಬಾಯಿಂದ ಒಂದು ಮಾತು ಬರ್ಲಿ. ಹೋಗೋದಂದ್ರ ಹೋಗೋದು. ಇಲ್ಲಂದ್ರ ಇಲ್ಲ.”

“ಅಪ್ಪಾ, ಅಲ್ಲಿ ಸಿಂಹ ಇರ್ತಾವಂತ, ಖರೇನು?” ಎಂದು ಐದು ವರ್ಷದ ಶಾರಿ ನಡುವೆ ಬಾಯಿ ಹಾಕಿದಳು.

“ನೋಡೋಣ,” ಎಂದ ಚಂದ್ರಾಮಪ್ಪ.

“ಹಾಂ, ನೋಡ್ರಿ. ಸಿಂಹ ಬಂದು ಮುಂದ ನಿಂತಮ್ಯಾಲ ನೋಡಕೋತ ಕುಂದರ್ರಿ,” ಎಂದು ತುಳಜಾಬಾಯಿ ರೊಟ್ಟಿಯನ್ನು ತಿರುವಿ ಹಾಕಿದಳು.

ನಿಜ ಹೇಳಬೇಕೆಂದರೆ ಅವನಿಗೆ ಹೋಗುವ ಮನಸ್ಸು ಎಳ್ಳಷ್ಟೂ ಇರಲಿಲ್ಲ. ಅಫಜಲಪುರದ ಸಂತೆಗೆ ಹೋಗಿ ಬಂದರೇ ಮರುದಿನವೆಲ್ಲ ಮಲಗುವ ಪ್ರಾಣಿ ಅದು. ಬೇವಿನ ಗಿಡದ ನೆರಳು, ಚಾವಡಿಯಲ್ಲಿ ಬಂದುಹೋಗುವವರ ಮಾತು, ಮಧ್ಯಾಹ್ನ ಮಶೀನಿನ ಮೇಲೆ ತಲೆಯಿಟ್ಟು ಒಂದು ನಿದ್ದೆ, ಇಷ್ಟು ಬಿಟ್ಟು ಅವನಿಗೆ ಸ್ವರ್ಗವೂ ಬೇಕಿರಲಿಲ್ಲ. ಆದರೆ ಮಕ್ಕಳ ಮುಖ ನೋಡಿದರೆ, ಇವಕ್ಕೊಂದು ಒಳ್ಳೆಯ ಬಾಳು ಸಿಗುವುದಿದ್ದರೆ ತಾನೇ ಅಡ್ಡ ಬಂದಂತಾಗುತ್ತದೆಯಲ್ಲ ಎನಿಸಿ ‘ಒಲ್ಲೆ’ ಎನ್ನಲು ನಾಲಿಗೆ ಏಳುತ್ತಿರಲಿಲ್ಲ. ಹೇಗೂ ದೀಪಾವಳಿ ದೂರವಿತ್ತು. ಅಷ್ಟರಲ್ಲಿ ತೀರ್ಮಾನ ಮಾಡಿದರಾಯಿತು ಎಂದುಕೊಂಡ.

ಅವನೇನೋ ಕಾಯಲು ತಯಾರಿದ್ದ. ಊರು ಕಾಯಬೇಕಲ್ಲ, ನಾಗಣ್ಣನ ಬಾಯಿಂದ ಸುದ್ದಿ ಆಗಲೇ ಹಬ್ಬಿತ್ತು. ಊರು ಬಿಟ್ಟು ದೂರ ಹೋಗುವವರನ್ನು ಮನೆಗೆ ಕರೆದು ಹೋಳಿಗೆ ಉಣಿಸಿ, ಗಂಡಸಿನ ಹೆಗಲಿಗೊಂದು ಟವಲು ಹಾಕಿ, ಹೆಂಗಸಿಗೆ ಉಡಿ ತುಂಬಿ ಕಳಿಸುವುದು ಅಲ್ಲಿಯ ಪದ್ಧತಿ. ಉಂಡವರು ಹೋಗಬೇಕು. ಹೋಗದೆ ಉಳಿದರೋ, ಉಣಿಸಿದ ಮನೆಯವರನ್ನೆಲ್ಲ ತಿರುಗಿ ಕರೆದು ಅದೇ ಹೋಳಿಗೆಯನ್ನು ಉಣಿಸಬೇಕು. ಇದು ಎಲ್ಲಿಯೂ ಬರೆದಿಟ್ಟದ್ದಲ್ಲ. ನಿಜಾಮ ಸರಕಾರದ ಹುಕುಂ ಮುರಿದವರು ಕರಜಗಿಯಲ್ಲಿ ಒಬ್ಬಿಬ್ಬರಾದರೂ ಇದ್ದರು, ಇದನ್ನು ಮುರಿದವರು ಇರಲಿಲ್ಲ.

ಮೊದಲು ಕರೆದವರು ಮಾಲಿಪಾಟೀಲರ ಮನೆಯ ಸುಮಿತ್ರಾಬಾಯಿ. “ಚಂದ್ರಾಮಪ್ಪ, ಪರದೇಶಕ್ಕ ಹೊಂಟೀರಂತ. ಶುಕ್ರವಾರ ಎಲ್ಲಾರೂ ನಮ್ಮಲ್ಲೇ ಊಟಕ್ಕ ಬರ್ರಿ.”

“ಇನ್ನಾ ಏನೂ ಆಗಿಲ್ರೀ ಅವ್ವಾರ. ನೋಡೋಣ್ರಿ.”

“ನೋಡೋದೇನು? ಬರ್ರಿ,” ಎಂದು ಅವರು ನಡೆದೇಬಿಟ್ಟರು.

ಇಲ್ಲಿಯೇ ಚಂದ್ರಾಮಪ್ಪ ಕೆಟ್ಟದ್ದು. ‘ನಾ ಹೋಗೋದು ಖಾತ್ರಿ ಇಲ್ರಿ, ಉಣ್ಣಾಕ ಬರಂಗಿಲ್ಲ’ ಎಂದು ಓಡಿಹೋಗಿ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಮಾಲಿಪಾಟೀಲರ ಮನೆಯ ಹೋಳಿಗೆ ಎಂದರೆ, ಹೂರಣ ನಾಲಿಗೆಯ ಮೇಲಿಟ್ಟರೆ ಕರಗುವಂಥದು. ಮೇಲೆ ಮನೆಯ ಎಮ್ಮೆಯ ತುಪ್ಪ. ಉಣ್ಣುತ್ತ ಉಣ್ಣುತ್ತ ವಿಚಾರ ಮಾಡಿದರಾಯಿತು ಎಂದು ಅವನ ಹೊಟ್ಟೆ ಸಲಹೆ ಕೊಟ್ಟಿತು. ಉಂಡ. ಎಲೆಯ ಮುಂದೆ ಕುಳಿತ ಮೇಲೆ ವಿಚಾರಕ್ಕೆ ಬಿಡುವು ಸಿಗಲಿಲ್ಲ.

ಮಾಲಿಪಾಟೀಲರ ಮನೆಯಲ್ಲಿ ಉಂಡವನು ಕುಲಕರ್ಣಿಯವರ ಮನೆಯಲ್ಲಿ ಒಲ್ಲೆ ಎನ್ನುವುದು ಹೇಗೆ? ಅಲ್ಲಿ ಉಂಡವನು ಬೀರಣ್ಣನ ಮನೆ ಬಿಟ್ಟರೆ ಬೀರಣ್ಣ ಸುಮ್ಮನಿರುತ್ತಾನೆಯೇ? ಮೇಲಿನ ಓಣಿ ಮುಗಿದು ಕೆಳಗಿನ ಓಣಿ ಹಿಡಿಯಿತು. ಕೆಲವು ದಿನ ಎರಡೂ ಹೊತ್ತು ಹೋಳಿಗೆ. ಕನಸಿನಲ್ಲಿಯೂ ಯಾರೋ ‘ಇನ್ನೊಂದು ಹಾಕಿಸ್ಕೋರಿ’ ಎನ್ನುತ್ತಿದ್ದರು. ಮನೆಯಲ್ಲಿ ಉಡಿಗೆ ಬಂದ ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬುಗಳ ರಾಶಿ. ಕುಪ್ಪಸದ ಖಣಗಳಂತೂ ಇಡಲು ಜಾಗವಿಲ್ಲದಷ್ಟು.

“ಮಜ್ಜಿಗಿ ಅನ್ನ ಮಾಡು ತುಳಜಾ, ನಿನ್ನ ಕೈ ಮುಗೀತೇನಿ,” ಎಂದ ಒಂದು ದಿನ.

“ಮಾಡಿದ್ರ ಉಣ್ಣಾಕ ಮನ್ಯಾಗ ಯಾರಿರ್ತೀರಿ? ಸಂಜೀಕ ಪತ್ತಾರ ಮನಿಗೆ ಊಟಕ್ಕ ಹೇಳ್ಯಾರ.”

ಪಕ್ಕದ ಮನೆಯ ಬಾನುಬಿ ಒಂದು ಭರಣಿ ಮಾವಿನ ಉಪ್ಪಿನಕಾಯಿ ತಂದಿಟ್ಟಳು. ಬಾಯಿಗೆ ಅರಿವೆ ಕಟ್ಟಿ, ಮೇಲೆ ಸೆಗಣಿ ಮಣ್ಣು ಮೆತ್ತಿದ ಭರಣಿ.

“ನನ್ನ ಮಗಾ ರಂಗೂನದಾಗ ಅದಾನ. ಅವಂಗ ಜರಾ ಮುಟ್ಟಸ್ರಿ.”

“ಬಾನುಬಿ, ನಾ ಹೋದ್ರ ಆಫ್ರಿಕಾಕ್ಕ. ರಂಗೂನ್ ಆ ಕಡಿ, ಆಫ್ರಿಕಾ ಈ ಕಡಿ.”

“ಎರಡೂ ಹಡಗಿನ ಹಾದಿನೇ ಅಲ್ಲೇನ್ರಿ? ದಾರ್ಯಾಗ ಇಳಿದು ಕೊಟ್ಟು ಹೋಗ್ರಿ. ಒಂದು ಮಿನಿಟಿನ ಕೆಲಸಕ್ಕ ಇಷ್ಟ್ಯಾಕ ಮಾತು?”

ಬಿಡಿಸಿ ಹೇಳುವಷ್ಟು ಉಸಿರು ಚಂದ್ರಾಮಪ್ಪನಲ್ಲಿ ಉಳಿದಿರಲಿಲ್ಲ. ಭರಣಿಯನ್ನು ಗೂಡಿನಲ್ಲಿಟ್ಟ.

ಇಷ್ಟರಲ್ಲಿ ನಾಗಣ್ಣನ ಪಾಡು ಬೇರೆ. ಕರೆದುಕೊಂಡು ಹೋಗುವವನು ಎಂದು ಅವನಿಗೂ ಎಲ್ಲ ಮನೆಗಳಲ್ಲಿ ಎಲೆ ಬೀಳುತ್ತಿತ್ತು. ಎಂಟು ವರ್ಷ ತನ್ನ ಕೈಯಡುಗೆಯನ್ನೇ ತಿಂದು ಬದುಕಿದ ಬ್ರಹ್ಮಚಾರಿ, ಮೊದಲ ತುತ್ತಿಗೇ ಕಣ್ಣೀರು ಹಾಕಿದ. ಚಂದ್ರಾಮಪ್ಪ ಹಿಂದಕ್ಕೆ ಸರಿಸಿದ ಹೋಳಿಗೆಯೂ ಅವನ ಎಲೆಗೇ ಹೋಗುತ್ತಿತ್ತು. ಉಂಡು ಬಂದು ಹೊತ್ತು ಹೋಗದೆ ಬೇವಿನ ಗಿಡದ ಕೆಳಗೆ ಮಶೀನಿನ ಮುಂದೆ ಕುಳಿತು ತುಳಜಾಬಾಯಿಯ ಒಂದು ಖಣ ಹೊಲಿದ. ತೋಳಿಗೆ ಒಂದು ನೆರಿಗೆ ಇಟ್ಟ. ಆ ನೆರಿಗೆ ನೋಡಿ ಊರ ಹೆಂಗಸರೆಲ್ಲ ಹಬ್ಬದ ಅರಿವೆ ತಂದು ಅವನ ಮುಂದೆ ಸುರಿದರು. ಚಂದ್ರಾಮಪ್ಪನಿಗೆ ಬೇಸರವೇನೂ ಆಗಲಿಲ್ಲ. ಹೊಟ್ಟೆಯ ಭಾರಕ್ಕೆ ಅವನಿಗೆ ಬಗ್ಗಿ ದಾರ ಪೋಣಿಸಲೂ ಆಗುತ್ತಿರಲಿಲ್ಲ.

ದೀಪಾವಳಿ ಮುಗಿಯಿತು. ದುಧನಿಯ ರೈಲು ಸ್ಟೇಷನ್ನಿಗೆ ಹೋಗಲು ಎತ್ತಿನ ಗಾಡಿ ಗೊತ್ತುಮಾಡಿದ್ದಾಯಿತು. ಆಗ ಚಂದ್ರಾಮಪ್ಪ ಜೀವಮಾನದಲ್ಲಿ ಮೊದಲ ಸಲ ಒಂದು ತೀರ್ಮಾನಕ್ಕೆ ಬಂದು ಹೆಂಡತಿಯ ಮುಂದೆ ನಿಂತ.

“ತುಳಜಾ, ನಾ ಹೋಗಂಗಿಲ್ಲ. ನನಗ ಈ ಊರು ಬಿಟ್ಟು ಇರಾಕ ಆಗಂಗಿಲ್ಲ.”

ತುಳಜಾಬಾಯಿ ಗಂಟು ಕಟ್ಟುತ್ತಿದ್ದ ಕೈ ನಿಲ್ಲಿಸಿ ಅವನ ಮುಖ ನೋಡಿದಳು. ಅವಳ ಕಣ್ಣು ತುಂಬಿ ಬಂತು.

“ಇದನ್ನ ದಸರಿಗೆ ಹೇಳಿದ್ರ ನಾನೂ ಹೂಂ ಅಂತಿದ್ದೆ. ನನಗೇನು ಹೋಗೋ ಆಸೆ ಇತ್ತೇನು? ದಿನಾ ಸೆರಗಿನ ತುದೀಲೆ ಕಣ್ಣು ಒರಸ್ಕೋತ ಗಂಟು ಕಟ್ಟಾಕತ್ತೇನಿ. ಈಗ ಊರೆಲ್ಲಾ ಉಂಡು ಬಂದು ಹೇಳ್ತೀರಿ. ಆ ಮಂದಿಗೆಲ್ಲಾ ತಿರುಗಿ ಹೋಳಿಗಿ ಮಾಡಾಕ ನನ್ನ ರಟ್ಟಿ ಕಬ್ಬಿಣದ್ದಲ್ಲ. ಅದಕಿಂತ ಆಫ್ರಿಕಾನೇ ಹತ್ರ ಆಗ್ತದ. ಸುಮ್ನ ನಡೀರಿ.”

ಚಂದ್ರಾಮಪ್ಪ ಗಂಟಿನ ಇನ್ನೊಂದು ತುದಿ ಹಿಡಿದುಕೊಂಡ.

ಹೊರಡುವ ದಿನ ಬೆಳಿಗ್ಗೆ ಊರೆಲ್ಲ ಮನೆಯ ಮುಂದೆ ಸೇರಿತ್ತು. ಗಾಡಿಯಲ್ಲಿ ಗಂಟುಗಳು, ಗಂಟುಗಳ ಮೇಲೆ ಶಾರಿ, ತುಳಜಾಬಾಯಿಯ ತೊಡೆಯ ಮೇಲೆ ಕೂಸು, ಪಕ್ಕದಲ್ಲಿ ಉಪ್ಪಿನಕಾಯಿ ಭರಣಿ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಎಲ್ಲರೂ ಬಂದಿದ್ದರು, ನಾಗಣ್ಣನೊಬ್ಬ ಇರಲಿಲ್ಲ. ಹುಡುಕಿಕೊಂಡು ಹೋದರೆ ಬೇವಿನ ಗಿಡದ ಕೆಳಗೆ ಕುಳಿತು ಕಟಕಟ ಮಶೀನು ತುಳಿಯುತ್ತಿದ್ದ. ತಲೆಯ ಮೇಲೆ ಬಿಸಿಲುಟೋಪಿಯ ಬದಲು ಯಾರೋ ಉಡುಗೊರೆ ಕೊಟ್ಟ ರುಮಾಲು ಇತ್ತು.

“ಲೇ, ಗಾಡಿ ಕಟ್ಯಾರ,” ಎಂದ ಚಂದ್ರಾಮಪ್ಪ.

ನಾಗಣ್ಣ ತಲೆ ಎತ್ತಲಿಲ್ಲ. “ಚಂದ್ರಾಮ, ಬೈಬ್ಯಾಡ. ನಾ ಬರಂಗಿಲ್ಲ. ಎಂಟು ವರ್ಷ ಆ ಊರಾಗ ನನ್ನ ಯಾರೂ ಊಟ ಆತೇನು ಅಂತ ಕೇಳಿಲ್ಲ. ಇಲ್ಲಿ ದಿನಾ ಕೇಳ್ತಾರ. ನಾ ಇಲ್ಲೇ ಇರ್ತೇನಿ. ಅಂಗಡಿ ಕೀಲಿ ತಗೋ, ನೀ ಹೋಗು.”

ಚಂದ್ರಾಮಪ್ಪನಿಗೆ ಕುಣಿಯಬೇಕೆನಿಸಿತು. ಆದರೆ ಮಂದಿ ನೋಡುತ್ತಿದ್ದಾರಲ್ಲ, ಕೀಲಿ ಮುಟ್ಟದೆ ಮುಖವನ್ನು ಆದಷ್ಟು ಸಣ್ಣದು ಮಾಡಿಕೊಂಡು ಗಾಡಿಯ ಹತ್ತಿರ ಬಂದ.

“ನಾಗಣ್ಣ ಬರಂಗಿಲ್ಲಂತ್ರಿ. ದಾರಿ ಗೊತ್ತಿಲ್ಲ, ಸಣ್ಣ ಕೂಸುಗಳನ್ನ ಕಟ್ಕೊಂಡು ಸಮುದ್ರದಾಗ ನಾ ಎಲ್ಲಿಗೆ ಹೋಗ್ಲಿ? ದೇವರು ನಡಸಿಕೊಡಲಿಲ್ಲ. ಇಳಿ ತುಳಜಾ.”

ತುಳಜಾಬಾಯಿ ಅವನ ಮುಖವನ್ನೇ ನೋಡಿದಳು. ಕೂಸನ್ನು ಎತ್ತಿಕೊಂಡು ಇಳಿದಳು. ಬಾನುಬಿ ಭರಣಿ ಇಳಿಸಿ, “ಇರ್ಲಿ ಬಿಡ್ರಿ, ಮುಂದಿನ ಸಲ ಹೋದಾಗ ಕೊಡುವಂತ್ರಿ,” ಎಂದು ಅವನ ಮನೆಯ ಗೂಡಿನಲ್ಲೇ ತಿರುಗಿ ಇಟ್ಟು ಬಂದಳು. ಸುಮಿತ್ರಾಬಾಯಿ ಗಾಡಿಯ ಹತ್ತಿರ ಬಂದರು.

“ಆತು, ಒಳ್ಳೇದೇ ಆತು. ಹಂಗಾದ್ರ ಚಂದ್ರಾಮಪ್ಪ, ನಮ್ಮನ್ನ ಯಾವತ್ತ ಕರೀತೀರಿ?”

ಅವನ ಬಾಯಿಗೆ ಅಭ್ಯಾಸದ ಮಾತು ಬಂತು. ಅದು ತುಟಿ ದಾಟುವ ಮೊದಲೇ ತುಳಜಾಬಾಯಿ ಹೇಳಿದಳು. “ಬರೋ ಶುಕ್ರವಾರದಿಂದ ಸುರು ಮಾಡ್ತೇವ್ರಿ ಅವ್ವಾರ. ದಿನಾ ಎರಡೆರಡು ಮನಿ. ಕಣಕ ನಾದೋದು, ಬೇಯಿಸೋದು ನಾನು. ಹೂರಣ ಅರಿಯೋದು ಇವರು.”

“ನಾನೇ?”

“ಮತ್ಯಾರು? ನಿಮಗೇನ ಕೆಲಸ ಅದ? ಮಶೀನಿನ ಮ್ಯಾಲ ನಾಗಣ್ಣ ಕುಂತಾನ.”

ಮಾತು ಖರೆಯೇ ಆಗಿತ್ತು. ಊರಿನ ಅರಿವೆಯೆಲ್ಲ ನಾಗಣ್ಣನ ಮುಂದಿತ್ತು, ಅಳತೆ ಅವನ ತಲೆಯಲ್ಲಿತ್ತು, ತೋಳಿನ ನೆರಿಗೆ ಅವನಿಗಷ್ಟೇ ಬರುತ್ತಿತ್ತು. ಆ ಶುಕ್ರವಾರದಿಂದ ಚಂದ್ರಾಮಪ್ಪ ಹಿತ್ತಲಲ್ಲಿ ಅರೆಯುವ ಕಲ್ಲಿನ ಮುಂದೆ ಕುಳಿತ. ಬೆಂದ ಕಡಲೆಬೇಳೆ, ಬೆಲ್ಲ, ಮತ್ತೆ ಬೇಳೆ, ಮತ್ತೆ ಬೆಲ್ಲ. ಬೇವಿನ ಗಿಡದ ನೆರಳಿಲ್ಲ, ಮಧ್ಯಾಹ್ನದ ನಿದ್ದೆಯಿಲ್ಲ. ರಟ್ಟೆಗಳು ಬಿದ್ದುಹೋಗುತ್ತಿದ್ದವು. ಕೈ ಸ್ವಲ್ಪ ನಿಧಾನವಾದರೆ ಒಳಗಿನಿಂದ ತುಳಜಾಬಾಯಿಯ ದನಿ ಬರುತ್ತಿತ್ತು. “ಇನ್ನಾ ನುಣ್ಣಗ ಆಗ್ಲಿ. ಮಾಲಿಪಾಟೀಲರ ಮನ್ಯಾಗ ಹ್ಯಾಂಗ ಇತ್ತು, ನೆನಪದ ಅಲ್ಲ?”

ಮನೆಯ ಮಂದಿ ಎಂದು ನಾಗಣ್ಣನಿಗೆ ಎಲ್ಲ ಪಂಕ್ತಿಯಲ್ಲೂ ಮೊದಲ ಎಲೆ. ಕೆಳಗಿನ ಓಣಿಯ ಸರದಿ ಬಂದ ದಿನ ಅವನು ಉಂಡು, ಕೈ ತೊಳೆಯಲು ಹಿತ್ತಲಿಗೆ ಬಂದ. ಚಂದ್ರಾಮಪ್ಪ ಗುಂಡುಕಲ್ಲು ಬಿಟ್ಟು, ಒಳಗೆ ಕೇಳಿಸದಂತೆ ಅವನ ಧೋತರದ ಚುಂಗು ಹಿಡಿದು ಹತ್ತಿರ ಎಳೆದ.

“ನಾಗಣ್ಣ, ಆ ಕೀಲಿ ಇನ್ನಾ ನಿನ್ನ ಹತ್ರನೇ ಅದ ಅಲ್ಲ? ಮುಂದಿನ ಹಡಗ ಯಾವಾಗಪ?”

ನಾಗಣ್ಣ ತುಪ್ಪದ ತೇಗು ತೇಗಿ, ಟವಲಿನಿಂದ ಮೀಸೆ ಒರೆಸಿಕೊಂಡ.

“ಅವಸರ ಏನದ ಚಂದ್ರಾಮ? ನೋಡೋಣ ತಗೋ.”