ಅರ್ಧ ಸಿಹಿ ಬಾಟಲಿಯೂ ಕಲ್ಲಣ್ಣನ ಹೋಳಿಗೆಯೂ

ಬೆಟಗೇರಿಯ ನೇಕಾರ ಕಲ್ಲಣ್ಣ ಜೀವಮಾನದಲ್ಲಿ ಒಂದು ತೊಟ್ಟು ಹೆಂಡ ಮುಟ್ಟಿದವನಲ್ಲ. ಅಂಥವನು ಆ ಬೆಳಿಗ್ಗೆ ಫ್ರಾನ್ಸ್ ದೇಶದ ವೈನಿಗೆ ತಿನಿಸು ಹೊಂದಿಸಿಯೇ ತೀರುವೆನೆಂದು ಪಣ ತೊಟ್ಟುಬಿಟ್ಟ!

ಬಾಟಲಿ ಕೊಟ್ಟವರು ಪ್ಯಾರಿಸ್ಸಿನಲ್ಲಿ ಕೈಮಗ್ಗದ ಬಟ್ಟೆಯಂಗಡಿ ಇಟ್ಟಿರುವ ಸೋಲಾಂಜ್ ಮೇಡಂ. ತಮ್ಮ ಹೊಸ ಶಾಲುಗಳಿಗೆ ಬಣ್ಣ ಹೊಂದಿಸಿಕೊಡುವವರನ್ನು ಹುಡುಕುತ್ತ ಊರಿಗೆ ಬಂದಿದ್ದರು. ಕಲ್ಲಣ್ಣನಿಗೆ ಆ ಕೆಲಸ ಬೇಕೇ ಬೇಕಿತ್ತು. ಮೇಡಂ ಮಾತನ್ನು ಮಗಳು ವಿದ್ಯಾಶ್ರೀ ಕನ್ನಡಕ್ಕಿಳಿಸಿದಳು: "ಅಪ್ಪಾ, ಇದು ಅರ್ಧ ಸಿಹಿ ಅಂತ, ಬುರುಗು ಬರೋ ವೈನು. ಇದರ ಜೋಡಿ ಏನ್ ತಿಂದ್ರ ಚಲೋ, ನೀವ ಆರಸ್ರಿ ಅಂತಾರ. ಸಂಜಿಗೆ ಬರ್ತಾರಂತ, ಅದನ್ನ ನೋಡೇ ಕೆಲಸ ಯಾರಿಗೆ ಅಂತ ಹೇಳ್ತಾರಂತ."

"ಅದೇನ್ ಮಹಾ! ಮೂವತ್ತ ವರ್ಷ ಸೀರಿಗೆ ಸೆರಗ ಹೊಂದಿಸಿದಾಂವ ನಾನು. ಒಂದ ಬಾಟ್ಲಿಗೆ ತಿನಿಸು ಹೊಂದಸಾಕ ಆಗೂದಿಲ್ಲೇನು? ಸಿಹಿಗೆ ಸಿಹಿ! ಹೋಳಿಗಿ ಮಾಡು, ಅಂಬವ್ವಾ!"

"ಕುಡದವರಲ್ಲ, ಮೂಸಿ ನೋಡಿದವರಲ್ಲ," ಎಂದಳು ಹೆಂಡತಿ ಅಂಬವ್ವ. "ಹೋಳಿಗಿ ಮಾಡ್ತೀನಿ. ಆದ್ರ ಆ ಬಾಟ್ಲಿ ನನ್ನ ಫ್ರಿಜ್ಜಿನಾಗ ಬ್ಯಾಡ. ಅಲ್ಲಿ ದೇವರ ಹಾಲೈತಿ."

ತಣ್ಣಗಿಡದಿದ್ದರೆ ವೈನು ಕೆಡುತ್ತದಂತೆ! ಮನೆಯಲ್ಲಿ ಎಲ್ಲಕ್ಕಿಂತ ತಂಪು ಜಾಗವೆಂದರೆ ಮಗ್ಗದ ಕುಣಿ, ನೇಯುವಾಗ ಕಾಲು ಇಳಿಬಿಟ್ಟು ಕೂರುವ ಗುಂಡಿ. ಕಲ್ಲಣ್ಣ ಬಾಟಲಿಗೆ ಒದ್ದೆ ಬಟ್ಟೆ ಸುತ್ತಿ ಅಲ್ಲಿಗಿಳಿಸಿದ. ಉರುಳಿ ಒಡೆದೀತೆಂದು ಕಾಲಿನಿಂದ ತುಳಿಯುವ ಹಲಗೆಗೇ ನೂಲಿನಿಂದ ಬಿಗಿದ. ಆಮೇಲೆ ತನ್ನ ಜಾಣತನಕ್ಕೆ ತಾನೇ ಮೆಚ್ಚಿ, ಸಂಜೆಯವರೆಗೂ ಹುರುಪಿನಿಂದ ನೇಯ್ದ. ಒಂದೊಂದು ಎಳೆಗೂ ಹಲಗೆ ಮೇಲೆ, ಕೆಳಗೆ, ಮೇಲೆ, ಕೆಳಗೆ!

ಮೇಡಂ ಬಂದು ಕುಳಿತರು. ಕಲ್ಲಣ್ಣ ಮದುಮಗನ ಗತ್ತಿನಲ್ಲಿ ಬಾಟಲಿಯ ತಂತಿ ಬಿಚ್ಚಿದ.

ಢಂ! ಬಿರಡೆ ಹಾರಿ ಗೋಡೆ ಗಡಿಯಾರಕ್ಕೆ ಬಡಿಯಿತು. ಗಡಿಯಾರ ಐದೂಕಾಲಿಗೇ ನಿಂತಿತು. ನೊರೆ ಉಕ್ಕಿ ಕಲ್ಲಣ್ಣನ ಮೀಸೆ, ಹೋಳಿಗೆ ತಟ್ಟೆ, ಎಲ್ಲವನ್ನೂ ತೋಯಿಸಿತು.

"ಅಯ್ಯ, ಮುಚ್ಚರಿ! ಎಲ್ಲಿಟ್ಟಿದ್ರಿ ಇದನ್ನ?" ಅಂಬವ್ವ ಕೂಗಿದಳು.

"ತುಳಿಯೋ ಹಲಗಿಗೆ ಕಟ್ಟಿದ್ದೆ..."

ಉಳಿದದ್ದು ಒಂದೇ ಗ್ಲಾಸು. ಅದರೊಳಗೆ ಇಣುಕಿದ ಕಲ್ಲಣ್ಣ ಬೆರಗಾಗಿ ನಿಂತುಬಿಟ್ಟ. ತಳದಿಂದ ಸಣ್ಣ ಗುಳ್ಳೆಗಳ ಎಳೆಯೊಂದು ಕಡಿಯದೆ, ಗಂಟು ಬೀಳದೆ ಮೇಲೇಳುತ್ತಲೇ ಇತ್ತು. "ಇಷ್ಟ ಸಣ್ಣ ನೂಲು ಯಾರ್ ತೆಗದಾರಲೇ!" ಎಂದು ಉಸುರಿದ.

ಮೇಡಂ ಹೋಳಿಗೆ ತಿಂದರು, ಒಂದು ಗುಟುಕು ಹೀರಿದರು. ಮುಖ ಕಿವುಚಿದರು.

"ಹೋಳಿಗಿ ತಿಂದ ಮ್ಯಾಲ ವೈನು ಬರೇ ಹುಳಿ ಅನಸ್ತೈತಂತ, ಅಪ್ಪಾ."

ಕಲ್ಲಣ್ಣ ಹೋಳಿಗೆ ತಟ್ಟೆಯನ್ನು ಹಿಂದಕ್ಕೆಳೆದುಕೊಂಡ. ಕೆಲಸ ಹೋಯಿತು! ಅಷ್ಟರಲ್ಲಿ ಅಂಬವ್ವ ಸಂಜೆಯ ಚಹಾಕ್ಕೆಂದು ಕರಿದಿದ್ದ ಮಿರ್ಚಿ ಭಜಿ ತಂದಿಟ್ಟಳು. "ಬಾಯಿ ಹುಳಿ ಆಗಿದ್ರ ಇದನ್ನ ತಿನ್ರಿ."

ಮೇಡಂ ಕಚ್ಚಿದರು. ಕಣ್ಣಲ್ಲಿ ನೀರು! ಗಾಬರಿಯಿಂದ ವೈನು ಗುಟುಕರಿಸಿದರು. ಮತ್ತೆ ಕಚ್ಚಿದರು, ಮತ್ತೆ ಹೀರಿದರು. ಗ್ಲಾಸು ಖಾಲಿಯಾಗುವವರೆಗೂ ನಿಲ್ಲಿಸಲೇ ಇಲ್ಲ.

"ಖಾರಾನ ಸಿಹಿ ತಣಸ್ತೈತಂತ, ಎಣ್ಣಿ ಜಿಡ್ಡನ್ನ ಗುಳ್ಳಿ ತೊಳೀತಾವಂತ!" ವಿದ್ಯಾಶ್ರೀ ಕುಣಿದಳು. "ಹೆಂಗ ಗೊತ್ತಾತು ಅಂತ ಕೇಳಾಕತ್ತಾರವ್ವ."

"ಅದರಾಗೇನೈತಿ? ಹಸರ ಸೀರಿಗೆ ಕೆಂಪ ಅಂಚ ಹಾಕಂಗಿಲ್ಲೇನು? ಹಸರಿಗೆ ಹಸರ ಹಾಕಿದ್ರ ಅಂಚು ಕಾಣ್ತೈತೇನು?"

ಕಲ್ಲಣ್ಣ ಬಾಯಿ ತೆರೆದು ಹೆಂಡತಿಯನ್ನೇ ನೋಡಿದ. ಮೂವತ್ತು ವರ್ಷದ ತನ್ನ ಕಸುಬನ್ನು ಒಲೆಯ ಮುಂದೆ ನಿಂತವಳು ಎರಡು ಮಾತಿನಲ್ಲಿ ಹೇಳಿ ಮುಗಿಸಿದ್ದಳು! ಗುಳ್ಳೆ ಕಂಡಾಗಲೂ ಅವನಿಗೆ ಇಷ್ಟು ಸೋಜಿಗವಾಗಿರಲಿಲ್ಲ.

"ಬಣ್ಣ ಹೊಂದಸೋ ಕೆಲಸ ಈ ಮನಿಗೇ ಅಂತ!" ಅವ್ವನ ಮಾತನ್ನು ಮೇಡಂಗೆ ತಿಳಿಸಿ, ಅವರ ಉತ್ತರ ಕೇಳಿ ವಿದ್ಯಾಶ್ರೀ ಸಾರಿದಳು. ಕಲ್ಲಣ್ಣ ಅಂಟಂಟಾದ ಮೀಸೆ ತಿರುವಿ ಎದ್ದು ಕೈಮುಗಿದ.

"ನಿಮಗಲ್ಲಪ್ಪಾ, ಅವ್ವಗ!"

ಅಂಬವ್ವ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. "ನಾ ಬಣ್ಣ ಹೇಳ್ತೀನಿ, ನೀವು ನೇಯ್ರಿ. ಆದ್ರ ತುಳಿಯೋ ಹಲಗಿಗೆ ಏನೂ ಕಟ್ಟಬ್ಯಾಡ್ರಿ!"