ಮಿಂಚು ಕಾರಿನ ಮರ್ಮ ಕಲಿತದ್ದು

ರೇಸ್ ತಂಡದಲ್ಲಿ ಎಲ್ಲರೂ ಮಿಂಚು ಎಂದು ಕರೆಯುತ್ತಿದ್ದ ನಮ್ಮ ಹುಡುಗನಿಗೆ ಕಾರು ಓಡಿಸಲು ಬರುತ್ತಿತ್ತು, ಅದರ ಬಗ್ಗೆ ಮಾತಾಡಲು ಬರುತ್ತಿರಲಿಲ್ಲ. ಬೆಳಗಿನ ಅಭ್ಯಾಸ ಮುಗಿಸಿ ಹೆಲ್ಮೆಟ್ ತೆಗೆದವನನ್ನು ಇಂಜಿನಿಯರ್ ಮೇಡಂ ಕೇಳಿದರು, "ಕಾರು ಹೇಗಿತ್ತು?"

"ಒಂಥರಾ ಇತ್ತು ಮೇಡಂ."

"ಒಂಥರಾ ಅಂದ್ರೆ? ಮೂತಿ ತಿರುಗ್ತಿಲ್ವಾ, ಹಿಂಭಾಗ ಜಾರ್ತಿದ್ಯಾ?"

"ಹಾಗಲ್ಲ... ಮನಸ್ಸಿಗೇ ಹಿಡಿಸ್ಲಿಲ್ಲ."

"ನಾನು ಸ್ಪ್ರಿಂಗ್ ಬಿಚ್ಚಬಲ್ಲೆ ಕಣಪ್ಪ. ನಿನ್ನ ಮನಸ್ಸನ್ನ ಎಲ್ಲಿಂದ ಬಿಚ್ಚಲಿ?"

ಹಿಂದೆ ನಿಂತಿದ್ದ ತಂಡದ ಯಜಮಾನರು ಕೆಮ್ಮಿದರು. ನಾಳೆಯ ರೇಸಿಗೆ ಇದ್ದದ್ದು ಒಂದೇ ಕಾರು, ಕಣ್ಣಿಟ್ಟವರು ಇಬ್ಬರು: ಮಿಂಚು ಮತ್ತು ಯಜಮಾನರ ಸೋದರಳಿಯ. ಈ ಅಳಿಯ ಕಾರಿನಿಂದ ಇಳಿದಾಗಲೆಲ್ಲ "ಸೂಪರ್ ಮಾವ" ಎನ್ನುತ್ತಿದ್ದ. ಕಾರನ್ನು ತಡೆಗೋಡೆಗೆ ಗುದ್ದಿ ಇಳಿದಾಗಲೂ ಹಾಗೇ ಎಂದಿದ್ದ.

"ಸಂಜೆಯೊಳಗೆ ಕಾರಿಗೇನಾಗಿದೆ ಅಂತ ಬಿಡಿಸಿ ಹೇಳೋದು ಕಲಿ," ಎಂದರು ಯಜಮಾನರು. "ಇಲ್ದಿದ್ರೆ ನಾಳೆ ಅಳಿಯ ಓಡಿಸ್ತಾನೆ."

ಈ ಸೀಟಿಗಾಗಿ ಮಿಂಚು ಕಾಲೇಜು ಬಿಟ್ಟಿದ್ದ, ಅಪ್ಪ ಇವನ ಜೊತೆ ಮಾತೇ ಬಿಟ್ಟಿದ್ದರು.

ಓಡಿಹೋಗಿ ಟೈರಿನವನ ಕೈ ಹಿಡಿದ. "ಅಣ್ಣಾ, ಏನಾದ್ರೂ ಕಲಿಸು."

"ಮೊದಲು ಗಾಳಿ ಕಲಿ. ಗೋಡೆ ಮೇಲೆ ಬರೆದಿದ್ಯಲ್ಲ, ಅಷ್ಟಕ್ಕೆ ತಂದು ನಿಲ್ಲಿಸು," ಎಂದವನೇ ಅವನು ತಿಂಡಿಗೆ ಹೋದ.

ಈಗಷ್ಟೇ ಓಡಿ ಬಂದ ಟೈರುಗಳು ಕೈ ಸುಡುತ್ತಿದ್ದವು. ಗಾಳಿ ಗೋಡೆಯ ಲೆಕ್ಕಕ್ಕಿಂತ ಹೆಚ್ಚಿತ್ತು. ಮಿಂಚು ಭಕ್ತಿಯಿಂದ ನಾಲ್ಕೂ ಟೈರುಗಳ ಗಾಳಿ ಬಿಟ್ಟ. ಟೈರು ತಣ್ಣಗಾಗುತ್ತಿದ್ದಂತೆ ಕಾರು ಊಟ ಜಾಸ್ತಿಯಾದ ಬೀಗರಂತೆ ಕುಸಿದು ಕೂತಿತು.

ಗ್ಯಾರೇಜಿಗೆ ಗ್ಯಾರೇಜೇ ನೆರೆಯಿತು. ಗೇರ್‌ಬಾಕ್ಸಿನವನು "ಇದು ಗೇರ್‌ಬಾಕ್ಸ್ ಭಾರ" ಎಂದ. ಬ್ರೇಕಿನವನು "ಅವನ ಮಾತು ಕೇಳ್ಬೇಡ, ಬ್ರೇಕೇ" ಎಂದ. ಟೀ ತಂದವನು ಕೂಡ "ನೀವು ಸರಿಯಾಗಿ ನಿದ್ದೆ ಮಾಡಲ್ಲ, ಅದಕ್ಕೇ" ಎಂದು ತನ್ನ ಪಾಲಿನ ಸಲಹೆ ಕೊಟ್ಟ. ಮರಳಿ ಬಂದ ಟೈರಿನವನು ಮಾತ್ರ ತಲೆ ಚಚ್ಚಿಕೊಂಡ.

ಕೊನೆಗೆ ಮೇಡಂ ಅವನನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. "ಬಿಸಿಯಾದ್ರೆ ಗಾಳಿಯ ಒತ್ತಡ ಏರುತ್ತೆ. ಗೋಡೆ ಮೇಲಿರೋದು ತಣ್ಣನೆ ಟೈರಿನ ಲೆಕ್ಕ, ಮಹಾರಾಯ. ಈಗ ನಿನ್ನ ಬೆಳಗಿನ ಗ್ರಾಫ್ ನೋಡು. ಇಲ್ಲಿ ಸ್ಟೇರಿಂಗ್ ತಿರುಗಿಸ್ದೆ, ಇನ್ನೂ ತಿರುಗಿಸ್ದೆ. ಕಾರು ತಿರುಗಿತಾ?"

"ಇಲ್ಲ! ಇಲ್ಲೇ ಮೇಡಂ, ನನಗೆ ಒಂಥರಾ ಆಗಿದ್ದು!"

ಮಧ್ಯಾಹ್ನವೆಲ್ಲ ಅವನು ಅಲ್ಲಿಂದ ಏಳಲಿಲ್ಲ. ಕೇಳಿದ್ದನ್ನೇ ಮತ್ತೆ ಕೇಳಿ ಮೇಡಂ ತಲೆ ತಿಂದ. ಆದರೆ ಕಲಿತ.

ಸಂಜೆ ಮತ್ತೆ ಕಾರು ಓಡಿಸಿ ಇಳಿದವನು ಯಜಮಾನರ ಎದುರೇ ಹೇಳಿದ, "ವೇಗದ ತಿರುವುಗಳಲ್ಲಿ ಸರಿ ಇದೆ, ಕಾರನ್ನ ನೆಲಕ್ಕೊತ್ತೋ ರೆಕ್ಕೆ ಮುಟ್ಬೇಡಿ. ನಿಧಾನದ ತಿರುವಲ್ಲಿ ಮೂತಿ ಮೊಂಡು ಹಿಡಿಯುತ್ತೆ. ಮುಂಭಾಗದ ಸ್ಪ್ರಿಂಗ್ ಸ್ವಲ್ಪ ಮೆತ್ತಗಿರೋದು ಹಾಕಿ."

ಹಾಕಿದರು. ಮುಂದಿನ ಸುತ್ತಿನಲ್ಲೇ ಕಾರು ಹೇಳಿದ ಮಾತು ಕೇಳತೊಡಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಿಂಚುವಿನ ಕಣ್ಣಲ್ಲಿ ನೀರು ಬಂತು, ಯಜಮಾನರು ಅವನನ್ನು ಬಾಚಿ ತಬ್ಬಿಕೊಂಡರು.

"ಇಂಥಾ ತಲೇನ ಹೆಲ್ಮೆಟ್ ಒಳಗೆ ಮುಚ್ಚಿಡೋದಾ? ಛೆ! ಇವತ್ತಿಂದ ನೀನು ಸಹಾಯಕ ಇಂಜಿನಿಯರ್!"

"ಮತ್ತೆ... ಕಾರು, ಸಾರ್?"

"ಅಳಿಯ ಓಡಿಸ್ತಾನೆ ಬಿಡು. ಪಾಪ, ಅವನಿಗೆ ಬೇರೇನು ಬರುತ್ತೆ?"

ಹೊಸ ಇಂಜಿನಿಯರಿಗೆ ಮೊದಲ ಕೆಲಸವೂ ಸಿಕ್ಕಿತು. ರೇಸ್ ಕಾರಿನ ಸೀಟನ್ನು ಓಡಿಸುವವನ ಬೆನ್ನಿನ ಅಚ್ಚಿಗೇ ಮಾಡಿರುತ್ತಾರೆ. ಮಿಂಚು ತನ್ನ ಬೆನ್ನಿನ ಅಚ್ಚು ಹೊತ್ತ ಮೆತ್ತೆಯನ್ನು ತಾನೇ ಕಿತ್ತು ತೆಗೆದ. ಅಳಿಯನನ್ನು ಒಳಗೆ ಕೂರಿಸಿ, ಮೂಗು ಒರೆಸಿಕೊಳ್ಳುತ್ತಾ ಹೊಸ ಅಚ್ಚು ತೆಗೆದ.

"ಬೆನ್ನಿಗೆ ಹಾಯಾಗಿದೆ ಕಣೋ," ಎಂದ ಅಳಿಯ, ಕಣ್ಣು ಮುಚ್ಚಿಕೊಂಡು. "ನೀನು ಈ ಕೆಲಸಕ್ಕೇ ಹುಟ್ಟಿದವನು."