ಮುರಿಗೆಪ್ಪನ ಮಾರ್ಗನಿರೋಧ ಪರ್ವ

ಭೂಗರ್ಭದ ತೈಲವನ್ನೆಲ್ಲ ಹೀರಿ, ಹೊರಟಲ್ಲಿಗೇ ಮರಳಿ ಬರುವುದಕ್ಕಾಗಿ ಅದನ್ನು ಸುಡುವ ಈ ಧೂಮಮಲಿನ ಕಲಿಯುಗಕ್ಕೆ ಮೊದಲ ನಮಸ್ಕಾರ. ಬಳಿಕ ಆ ಯುಗಕ್ಕೆ ತಕ್ಕ ವೀರನಾದ, ಪರಘರ್ಷಿತಚಕ್ರಧಾರಿಯೂ ಯಜಮಾನವಾಕ್ಯಪರಿಪಾಲಕನೂ ಆದ ಹುಬ್ಬಳ್ಳಿಯ ಮುರಿಗೆಪ್ಪ ಹೊಸಮನಿಗೆ ನಮಸ್ಕಾರ. ಎದ್ದು ಹೋಗುವವರು ಈಗಲೇ ಹೋಗಿ; ನಡುವೆ ಏಳುವುದು ವೀರಕಥೆಗೆ ಅವಮಾನ.

ಗರುಡವೇಗವೆಂಬ ಕಾರ್ ರೇಸ್ ತಂಡಕ್ಕೆ ರಥಗಳೆರಡು, ಸಾರಥಿಗಳಿಬ್ಬರು. ಒಡೆಯನು ಪೈಪಿನ ವ್ಯಾಪಾರದಲ್ಲಿ ಉಬ್ಬಿದ ಬಸವಂತಪ್ಪ ಸಾಹುಕಾರ. ಒಂದನೆಯ ಸಾರಥಿ ಅವನ ಹೆಂಡತಿಯ ತಮ್ಮ, ಸುಗಂಧಲೇಪಿತಗಾತ್ರನೂ ದರ್ಪಣೈಕಮಿತ್ರನೂ ಆದ ಪ್ರಫುಲ್ಲಚಂದ್ರ. ಎರಡನೆಯವನು ನಮ್ಮ ವೀರ. ಹೊಸ ಟಯರು ಪ್ರಫುಲ್ಲಚಂದ್ರನಿಗೆ, ಅವನು ಸವೆಸಿ ಬಿಟ್ಟದ್ದು ಮುರಿಗೆಪ್ಪನಿಗೆ. ಪ್ರಫುಲ್ಲಚಂದ್ರನ ಗೇರ್‌ಬಾಕ್ಸ್ ಕೆಟ್ಟರೆ ಮುರಿಗೆಪ್ಪನ ಕಾರಿನದನ್ನು ಬಿಚ್ಚಿ ಅತ್ತ ಕೂಡಿಸುವರು. ಮುರಿಗೆಪ್ಪನದು ಕೆಟ್ಟರೆ ಇಡೀ ತಂಡ ಅವನಿಗೆ ತಾಳ್ಮೆಯನ್ನು ಬೋಧಿಸುವುದು. ಗೆದ್ದರೆ ಭಾವಮೈದುನನ ಪ್ರತಿಭೆ, ಸೋತರೆ ಮುರಿಗೆಪ್ಪನ ಗ್ರಹಚಾರ.

ಎರಡು ವರ್ಷ ಹಲ್ಲು ಕಚ್ಚಿಕೊಂಡಿದ್ದ ಆ ಸಹನಾಸಾಗರನು, ವರ್ಷದ ಕಡೆಯ ಓಟದ ಬೆಳಿಗ್ಗೆ, ಮೆಕ್ಯಾನಿಕ್ಕರೆಲ್ಲ ಇಡ್ಲಿ ತಿನ್ನುತ್ತಿದ್ದ ಮಹಾಸಭೆಯಲ್ಲಿ ಬಾಯಿಬಿಟ್ಟನು.

“ಸಾವಕಾರ್ರ, ಒಂದನೇ ಗಾಡಿ ನನಗೂ ಕೊಟ್ಟು ನೋಡ್ರಿ. ಇಲ್ಲಂದ್ರ ನಾ ತಂಡ ಬಿಡ್ತೀನ್ರಿ.”

ಸಾಹುಕಾರನು ಚಟ್ನಿ ಮೆತ್ತಿದ ಕೈಯನ್ನು ಆಕಾಶಕ್ಕೆತ್ತಿ ಶಪಥಗೈದನು. “ಇವತ್ತ ಪ್ರಫುಲ್ಲನಕಿಂತ ಮುಂದ ಮುಗಸು. ಬರೋ ವರ್ಷ ಒಂದನೇ ಗಾಡಿ ನಿಂದ. ಇಷ್ಟ ಮಂದಿ ಮುಂದ ಹೇಳೀನಿ, ಆತಿಲ್ಲೋ?”

ಅವನಿಗೆ ಕೊಡುವ ಮನಸ್ಸಿರಲಿಲ್ಲ. ಮುರಿಗೆಪ್ಪ ಸೋಲುತ್ತಾನೆಂಬ ಭರವಸೆ ಇತ್ತು, ಅಷ್ಟೆ.

ಓಟ ಆರಂಭವಾಯಿತು. ಮೂರನೆಯ ಸುತ್ತಿನಲ್ಲಿ ಪ್ರಫುಲ್ಲಚಂದ್ರನು ತಿರುವು ತಪ್ಪಿ ಹುಲ್ಲಿಗೆ ನುಗ್ಗಿ, ಹಗ್ಗ ಬಿಚ್ಚಿದ ಹೋರಿಯಂತೆ ಅಲ್ಲಿ ಕೊಂಚ ವಿಹರಿಸಿ ಹೊರಬರುವಷ್ಟರಲ್ಲಿ ನಮ್ಮ ವೀರನು ಅವನಿಗಿಂತ ಮುಂದಿದ್ದನು. ಒಡನೆಯೇ ಕಿವಿಯ ರೇಡಿಯೋದಲ್ಲಿ ರಾಜಾಜ್ಞೆ ಮೊಳಗಿತು. “ಮುರಿಗ್ಯಾ, ಹಿಂದ ಪ್ರಫುಲ್ಲ ಬರಾಕತ್ಯಾನ. ದಾರಿ ಬಿಡಪಾ.”

ಶಪಥದ ಚಟ್ನಿ ಇನ್ನೂ ಸಾಹುಕಾರನ ಅಂಗಿಯ ತೋಳಿನ ಮೇಲೆ ಒಣಗಿರಲಿಲ್ಲ! ಮುರಿಗೆಪ್ಪನ ಕಣ್ಣು ಕೆಂಡವಾಯಿತು, ಮೀಸೆ ನಿಮಿರಿ ಹೆಲ್ಮೆಟ್ಟಿಗೆ ತಾಗಿತು, ಹೃದಯಗಹ್ವರದೊಳಗಿಂದ ಸಿಂಹನಾದವೆದ್ದಿತು: “ಎಲೈ ವಚನಭ್ರಷ್ಟ ಶ್ಯಾಲಕಪಕ್ಷಪಾತಿಯೇ! ಗಗನವು ಕಳಚಿ ಬೀಳಲಿ, ಮೇದಿನಿ ಬಾಯ್ದೆರೆಯಲಿ, ಈ ಮುರಿಗೆಪ್ಪನು ಮಾರ್ಗದಿಂದ ಗೇಣಗಲವೂ ಸರಿಯನು! ನನ್ನನ್ನು ದಾಟಬಯಸುವವನು ನನ್ನ ಬಂಪರನ್ನು ಸೀಳಿಯೇ ದಾಟಲಿ!” ಬಳಿಕ ರೇಡಿಯೋದ ಗುಂಡಿ ಒತ್ತಿ, ಒಡೆಯನಿಗೆ ಕೇಳುವಂತೆ ಇಷ್ಟು ನುಡಿದನು:

“ಸಾವಕಾರ್ರ, ಏನೂ ಕೇಳವಲ್ದ್ರಿ. ಬರೇ ಗರ್ರ್ ಅಂತೈತ್ರಿ.”

ಆದರೂ ದಾರಿ ಬಿಡಲಿಲ್ಲ, ಅದನ್ನು ಒಪ್ಪಬೇಕು. ಒಂಬತ್ತು ಸುತ್ತು, ಬೋಳು ಟಯರಿನಲ್ಲಿ ಜಾರುತ್ತ, ತಿರುವು ತಿರುವಿಗೂ ಅಡ್ಡಗಟ್ಟುತ್ತ, ಆ ಏಕಾಂಗವೀರನು ಭಾವಮೈದುನನ ಮದವನ್ನು ತಡೆದು ನಿಲ್ಲಿಸಿದನು. ಇತ್ತ ಮೆಕ್ಯಾನಿಕ್ಕರು ನಟ್ಟು ಬಿಗಿಯುವ ಪಾನಾ ಕೆಳಗಿಟ್ಟು, ಸಾಹುಕಾರನ ಸುತ್ತ ನಿಂತು ಅವನ ಮುಖವನ್ನೇ ನೋಡತೊಡಗಿದರು. ಹೆಂಡತಿಗೆ ಹೆದರುವವನು ಮಂದಿಗೂ ಹೆದರುತ್ತಾನೆ. ಕಡೆಯ ಸುತ್ತಿನಲ್ಲಿ ಅವನು ರೇಡಿಯೋ ಎತ್ತಿದನು.

“ಆತೋ ಮಾರಾಯ, ಮಾತು ಮಾತ! ಬಿಡಬ್ಯಾಡ, ಹೊಡಿ! ಗಾಡಿ ನಿಂದ!”

ಈ ಸಲ ರೇಡಿಯೋ ಗರ್ರ್ ಅನ್ನಲಿಲ್ಲ. ಮುರಿಗೆಪ್ಪನ ಕಣ್ಣಲ್ಲಿ ನೀರೇ ಬಂತು. ಎದುರಿಗೆ ಕಡೆಯ ತಿರುವು, ಅದರಾಚೆ ಕಪ್ಪುಬಿಳಿ ಚೌಕಳಿಯ ಬಾವುಟ, ಅದರಾಚೆ ಒಂದನೆಯ ಗಾಡಿ, ಹೊಸ ಟಯರು, ಮನುಷ್ಯರ ಬಾಳು. ಆಗ ಹಿಂದಿನಿಂದ, ಈವರೆಗೆ ಒಡೆಯನ ಆಜ್ಞೆಯನ್ನೇ ನೆಚ್ಚಿಕೊಂಡಿದ್ದ ಪ್ರಫುಲ್ಲಚಂದ್ರನು ಎರಡು ಸಲ ಹೆಡ್‌ಲೈಟ್ ಮಿನುಗಿಸಿದನು.

ಎರಡು ವರ್ಷ, ಹತ್ತೊಂಬತ್ತು ಓಟ, ಕನ್ನಡಿಯಲ್ಲಿ ಆ ಬೆಳಕು ಮಿನುಗಿದಾಗಲೆಲ್ಲ ಎಡಕ್ಕೆ ಸರಿದ ಕೈಗಳವು. ಮನಸ್ಸು ಬೇಡ ಬೇಡವೆಂದು ಕೂಗುತ್ತಿರುವಾಗಲೇ ಕೈ ಎಡಕ್ಕೆ ತಿರುಗಿತು. ಕಾರು ವಿನಯದಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಪ್ರಫುಲ್ಲಚಂದ್ರನು ಒಳಗಿನಿಂದ ಎರಡು ಬೆರಳೆತ್ತಿ ವಂದಿಸುತ್ತ ಮುಂದೆ ಹೋದನು. ಕಥೆ ಹೇಳುವ ನನಗೇ ಆಗ ಕುರ್ಚಿ ಒದೆಯಬೇಕೆನಿಸಿತು.

ಫಲಿತಾಂಶದ ಹಲಗೆಯಲ್ಲಿ ಈ ಮಹಾಸಂಗ್ರಾಮದ ಸಾರವೆಲ್ಲ ಎರಡು ಸಾಲು: ಹದಿಮೂರು ಕಾರುಗಳಲ್ಲಿ ಪ್ರಫುಲ್ಲಚಂದ್ರ ಹನ್ನೊಂದನೆಯವನು, ಮುರಿಗೆಪ್ಪ ಹನ್ನೆರಡನೆಯವನು. ಹದಿಮೂರನೆಯ ಕಾರು ಹೊರಟೇ ಇರಲಿಲ್ಲ.

ಸಾಹುಕಾರನು ಓಡಿಬಂದು ಅವನ ಭುಜ ಹಿಡಿದು ಅಲುಗಾಡಿಸಿದನು. “ಅಲ್ಲೋ, ನಾನ ಬಿಡಬ್ಯಾಡ ಅಂದೀನಿ. ಯಾಕ ಬಿಟ್ಟಿ?”

ಮುರಿಗೆಪ್ಪನು ಹೆಲ್ಮೆಟ್ ತೆಗೆದು, ತನ್ನ ಎರಡು ಕೈಗಳನ್ನು ಒಮ್ಮೆ ನೋಡಿಕೊಂಡನು.

“ಅವರು ಲೈಟ್ ಹಾಕಿದ್ರಲ್ರೀ.”